ಒಬ್ಬೊಬ್ಬರಿಗೊಂದು ನಟ್ ಟಾರ್ಟ್: ಯಾವ ಅಚ್ಚು ಕೊಂಡರೆ ಒಳ್ಳೆಯದು?

ಹಬ್ಬದ ಊಟದ ಕೊನೆಗೆ ತಟ್ಟೆಗೊಂದರಂತೆ ಇಡುವ ಪುಟ್ಟ ನಟ್ ಟಾರ್ಟ್‌ಗೆ (ಬೆಣ್ಣೆ ಕಣಕದ ಬಟ್ಟಲಿಗೆ ಬೀಜಗಳ ಹೂರಣ ತುಂಬಿ ಬೇಯಿಸಿದ ಸಿಹಿ) ಅಂಗಡಿಯಲ್ಲಿ ಐದು ಬಗೆಯ ಅಚ್ಚುಗಳು ಸಿಗುತ್ತವೆ: ತಳ ಬಿಚ್ಚುವ ಲೋಹದ ಅಚ್ಚು, ತಳ ಬಿಚ್ಚದ ಅಚ್ಚು, ಸಿಲಿಕೋನ್, ತೂತಿನ ಉಂಗುರ (ಗೋಡೆಯ ತುಂಬ ಸಣ್ಣ ತೂತುಗಳಿರುವ, ತಳವಿಲ್ಲದ ಬಳೆ), ಬಿಸಾಡುವ ಫಾಯಿಲ್ ಬಟ್ಟಲು. ಕ್ಯಾರಮೆಲ್ ಹಾಕಿದ ಬೀಜಗಳ ಹೂರಣಕ್ಕೆ ಇವುಗಳಲ್ಲಿ ನಮ್ಮ ಮೊದಲ ಆಯ್ಕೆ 10 ಸೆಂ.ಮೀ. ಅಗಲ, 2 ಸೆಂ.ಮೀ. ಆಳದ, ತಳ ಬಿಚ್ಚುವ, ತಿಳಿ ಬಣ್ಣದ ಲೋಹದ ಅಚ್ಚು. ಕಪ್ಪು ನಾನ್‌ಸ್ಟಿಕ್ ಲೇಪನ ನೋಡಲು ಚೆಂದ, ಆದರೆ ಅದಕ್ಕಾಗಿ ಹೆಚ್ಚು ದುಡ್ಡು ಕೊಡುವ ಅಗತ್ಯವಿಲ್ಲ. ಟಾರ್ಟ್‌ನ ಕಣಕದಲ್ಲಿ ಬೆಣ್ಣೆ ಧಾರಾಳವಾಗಿರುವುದರಿಂದ ಅದು ಸಾಮಾನ್ಯವಾಗಿ ಲೋಹಕ್ಕೆ ಅಂಟುವುದೇ ಇಲ್ಲ. ಅಂಟುವುದು ಉಕ್ಕಿ ಹೊರಬಂದ ಕ್ಯಾರಮೆಲ್, ಅದನ್ನು ತಡೆಯುವುದು ಲೇಪನದ ಕೆಲಸವಲ್ಲ.

ತಳ ಬಿಚ್ಚಲೇಬೇಕು ಎನ್ನುವುದೇಕೆ? ಬೀಜ ತುಂಬಿದ ಟಾರ್ಟನ್ನು ಬೋರಲು ಹಾಕಿ ತೆಗೆಯುವಂತಿಲ್ಲ, ಮೇಲಿನ ಬೀಜಗಳು ಕಿತ್ತು ಬರುತ್ತವೆ. ಚಾಕುವಿನಿಂದ ಎಬ್ಬಿಸಹೋದರೆ 3 ಮಿ.ಮೀ. ದಪ್ಪದ ಅಂಚು ಪುಡಿಯಾಗುತ್ತದೆ. ತಳ ಬಿಚ್ಚುವ ಅಚ್ಚನ್ನು ಒಂದು ಸಣ್ಣ ಬಟ್ಟಲಿನ ಮೇಲೆ ಕೂರಿಸಿದರೆ ಸುತ್ತಿನ ಬಳೆ ತಾನಾಗಿ ಕೆಳಗೆ ಜಾರುತ್ತದೆ, ಟಾರ್ಟ್ ತಳದ ಬಿಲ್ಲೆಯ ಮೇಲೆ ಹಾಗೇ ಉಳಿಯುತ್ತದೆ.

ಕೊಳ್ಳುವಾಗ ಮೂರು ಸಂಗತಿ ನೋಡಿ. ಬಿಲ್ಲೆಯನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಅಂಚನ್ನು ಬೆರಳಲ್ಲಿ ಒತ್ತಿ. ಅದು ಅಲುಗಿದರೆ ಸೊಟ್ಟಗಿದೆ ಎಂದರ್ಥ. ಅಂಥದ್ದು ಬಳೆಯೊಳಗೆ ಸರಿಯಾಗಿ ಕೂರುವುದಿಲ್ಲ, ಆ ಸಂದಿನಲ್ಲೇ ಬೆಣ್ಣೆಯೂ ಸಕ್ಕರೆಪಾಕವೂ ಸೋರುತ್ತವೆ. ಎರಡನೆಯದು ಅಳತೆ. ಲೇಬಲ್ಲಿನ 10 ಸೆಂ.ಮೀ. ಸಾಮಾನ್ಯವಾಗಿ ಬಾಯಿಯ ಅಗಲ, ತಳ ಅದಕ್ಕಿಂತ ಕಿರಿದು. ಆಳ ಒಂದೂವರೆ ಸೆಂ.ಮೀ.ಗಿಂತ ಕಡಿಮೆ ಇದ್ದರೆ ಕಣಕವೇ ಹೆಚ್ಚಾಗಿ, ಹೂರಣ ನೆಪಮಾತ್ರಕ್ಕೆ ಉಳಿಯುತ್ತದೆ. ಮೂರನೆಯದಾಗಿ, ಬೇಕಾದಷ್ಟನ್ನು ಒಂದೇ ಸಲ, ಒಂದೇ ತಯಾರಿಕೆಯದನ್ನು ಕೊಳ್ಳಿ. ಬೇರೆ ಬೇರೆ ಕಂಪನಿಗಳ ಬಿಲ್ಲೆ ಮತ್ತು ಬಳೆ ಒಂದೆರಡು ಮಿಲಿಮೀಟರ್ ವ್ಯತ್ಯಾಸದಿಂದ ಒಂದಕ್ಕೊಂದು ಹೊಂದುವುದಿಲ್ಲ, ತೊಳೆದು ಒಟ್ಟಿಗೆ ಪೇರಿಸಿದ ಮೇಲೆ ಯಾವುದರದ್ದು ಯಾವುದು ಎಂದು ಹುಡುಕುವುದು ದೊಡ್ಡ ತಲೆನೋವು.

ಎಂಟು ಅಚ್ಚುಗಳಿಗೆ ಸರಿಹೋಗುವ ಕಣಕ ಹೀಗೆ: ಮೈದಾ 250 ಗ್ರಾಂ, ತಣ್ಣನೆಯ ಬೆಣ್ಣೆ 125 ಗ್ರಾಂ, ಪುಡಿ ಸಕ್ಕರೆ 90 ಗ್ರಾಂ, ಬಾದಾಮಿ ಪುಡಿ 30 ಗ್ರಾಂ, ಒಂದು ಮೊಟ್ಟೆ, ಚಿಟಿಕೆ ಉಪ್ಪು. ಬೆಣ್ಣೆಯನ್ನು ಹಿಟ್ಟಿಗೆ ತರಿತರಿಯಾಗುವಂತೆ ಉಜ್ಜಿ, ಮೊಟ್ಟೆ ಹಾಕಿ ಒಟ್ಟುಗೂಡಿಸಿದರೆ ಸಾಕು, ನಾದಬೇಡಿ. ಫ್ರಿಜ್‌ನಲ್ಲಿ ಒಂದು ಗಂಟೆ ಇಟ್ಟು, 3 ಮಿ.ಮೀ. ದಪ್ಪಕ್ಕೆ ಲಟ್ಟಿಸಿ, 14 ಸೆಂ.ಮೀ. ಅಗಲದ ವೃತ್ತಗಳನ್ನು ಕತ್ತರಿಸಿ. ಉಳಿದ ತುಂಡುಗಳನ್ನು ಒಂದು ಸಲ ಮತ್ತೆ ಲಟ್ಟಿಸಬಹುದು. ಅದಕ್ಕಿಂತ ಹೆಚ್ಚು ಸಲ ಲಟ್ಟಿಸಿದ್ದು ಗಟ್ಟಿಯಾಗುತ್ತದೆ, ಕುಗ್ಗುತ್ತದೆ ಕೂಡ.

ಅಚ್ಚಿನ ಗುಣ ಇಲ್ಲಿ ಗೊತ್ತಾಗುತ್ತದೆ. ಕಣಕವನ್ನು ಎಳೆದು ಕೂರಿಸಬಾರದು. ಸಡಿಲವಾಗಿ ಒಳಗಿಳಿಸಿ, ತಳ ಮತ್ತು ಗೋಡೆ ಸೇರುವ ಮೂಲೆಗೆ ತಳ್ಳಿ, ಆಮೇಲೆ ಗೋಡೆಯ ನೆರಿಗೆಗಳಿಗೆ ಒತ್ತಬೇಕು. ಎಳೆದು ಕೂರಿಸಿದ್ದು ಓವನ್ನಿನಲ್ಲಿ ತನ್ನ ಮೊದಲಿನ ಅಳತೆಗೆ ಮರಳಿ, ಅಂಚು ಅರ್ಧ ಸೆಂ.ಮೀ. ಕುಸಿದಿರುತ್ತದೆ. ಬಾಯಿಯ ಅಂಚು ಹರಿತವಾಗಿದ್ದರೆ ಮೇಲೆ ಲಟ್ಟಣಿಗೆ ಉರುಳಿಸಿದೊಡನೆ ಹೆಚ್ಚುವರಿ ಕಣಕ ನೀಟಾಗಿ ತುಂಡಾಗುತ್ತದೆ. ಅಂಚನ್ನು ಸುರುಳಿ ಸುತ್ತಿದ ಅಚ್ಚಿನಲ್ಲಿ ಚಾಕು ಬೇಕಾಗುತ್ತದೆ. ಹರಿತ ಅಂಚು ತೊಳೆಯುವಾಗ ಬೆರಳನ್ನೂ ಕೊಯ್ಯುತ್ತದೆ, ಅಷ್ಟು ಎಚ್ಚರವಿರಲಿ. ಕೂರಿಸಿದ ಮೇಲೆ ತಳಕ್ಕೆ ಫೋರ್ಕಿನಿಂದ ಚುಚ್ಚಿ, ಅರ್ಧ ಗಂಟೆ ಫ್ರಿಜ್‌ನಲ್ಲಿ ಅಥವಾ 15 ನಿಮಿಷ ಫ್ರೀಜರ್‌ನಲ್ಲಿ ಇಡುವುದನ್ನು ತಪ್ಪಿಸಬೇಡಿ.

ಹೂರಣವಿಲ್ಲದೆ ಮೊದಲು ಬೇಯಿಸುವಾಗ ಬೇಕಿಂಗ್ ಪೇಪರ್ ಹಾಸಿ ಒಣ ಕಾಳುಗಳನ್ನು ಬಾಯಿಯವರೆಗೂ ತುಂಬಿ. ತಳ ಮುಚ್ಚುವಷ್ಟು ಮಾತ್ರ ಹಾಕಿದರೆ ಗೋಡೆಗೆ ಆಸರೆ ಸಿಗದೆ ಜಾರುತ್ತದೆ. 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ, ಕಾಳು ತೆಗೆದು ಇನ್ನು 5ರಿಂದ 7 ನಿಮಿಷ. ಚುಚ್ಚಿದ ತೂತುಗಳಿಗೆ ಮೊಟ್ಟೆಯ ಬಿಳಿ ಸವರಿ 2 ನಿಮಿಷ ಮತ್ತೆ ಒಳಗಿಟ್ಟರೆ ತೂತು ಮುಚ್ಚುತ್ತದೆ. ತಳ ಬಿಚ್ಚುವ ಅಚ್ಚಿಗೆ ಈ ಹೆಜ್ಜೆ ಕಡ್ಡಾಯ.

ಹೂರಣಕ್ಕೆ 300 ಗ್ರಾಂ ಬೀಜ: ಅಕ್ರೋಟು, ಬಾದಾಮಿ, ಹೇಜಲ್‌ನಟ್ ಯಾವುದೂ ಆದೀತು. 160 ಡಿಗ್ರಿಯಲ್ಲಿ 8ರಿಂದ 10 ನಿಮಿಷ ಹುರಿದು, ಅಕ್ರೋಟಾದರೆ ಬಟ್ಟೆಯಲ್ಲಿ ಉಜ್ಜಿ ಸಡಿಲ ಸಿಪ್ಪೆ ಉದುರಿಸಿ, ಕಹಿ ಬಹುಪಾಲು ಆ ಸಿಪ್ಪೆಯಲ್ಲೇ ಇರುತ್ತದೆ. ಅಕ್ರೋಟಿನ ಎಣ್ಣೆ ಬೇಗ ಕಮಟುತ್ತದೆ. ಹಳೆಯ ಪೊಟ್ಟಣವಾದರೆ ಹುರಿಯುವ ಮೊದಲೇ ಒಂದನ್ನು ಬಾಯಿಗೆ ಹಾಕಿ ನೋಡಿ. ಕ್ಯಾರಮೆಲ್‌ಗೆ 150 ಗ್ರಾಂ ಸಕ್ಕರೆಯನ್ನು 40 ಮಿ.ಲೀ. ನೀರಿನೊಂದಿಗೆ ಜೇನಿನ ಬಣ್ಣಕ್ಕಿಂತ ತುಸು ಗಾಢವಾಗುವವರೆಗೆ, ಅಂದರೆ ಸುಮಾರು 170 ಡಿಗ್ರಿವರೆಗೆ ಕಾಯಿಸಿ. ಕುದಿಯುವಾಗ ಸೌಟು ಹಾಕಿ ತಿರುವಿದರೆ ಹರಳುಗಟ್ಟುತ್ತದೆ. ಉರಿ ಆರಿಸಿ, 120 ಮಿ.ಲೀ. ಬಿಸಿ ಕ್ರೀಮನ್ನು ಸ್ವಲ್ಪಸ್ವಲ್ಪವಾಗಿ ಸುರಿಯಿರಿ. ಜೋರಾಗಿ ನೊರೆಯುಕ್ಕುವುದರಿಂದ ಎತ್ತರದ ಪಾತ್ರೆಯೇ ಬೇಕು. 50 ಗ್ರಾಂ ಬೆಣ್ಣೆ, 40 ಗ್ರಾಂ ಜೇನು ಸೇರಿಸಿ 112 ಡಿಗ್ರಿವರೆಗೆ ಮತ್ತೆ ಕುದಿಸಿ. ಜೇನು ಸಿಹಿಗಷ್ಟೇ ಅಲ್ಲ, ಅದರಲ್ಲಿನ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಸಕ್ಕರೆ ಮತ್ತೆ ಹರಳಾಗದಂತೆ ತಡೆಯುತ್ತವೆ. 120 ಡಿಗ್ರಿ ದಾಟಿಸಿದರೆ ಆರಿದ ಮೇಲೆ ಹೂರಣ ಹಲ್ಲಿಗೆ ಅಂಟುವಷ್ಟು ಬಿಗಿ, 108ಕ್ಕೇ ಇಳಿಸಿದರೆ ಕಚ್ಚಿದೊಡನೆ ಹರಿದು ಹೊರಬರುತ್ತದೆ.

ಬೀಜ ಬೆರೆಸಿ, ಪ್ರತಿ ಅಚ್ಚಿಗೆ ಸುಮಾರು 75 ಗ್ರಾಂ ತುಂಬಿ. ಅಂಚಿಗಿಂತ 3 ಮಿ.ಮೀ. ಕೆಳಗೇ ನಿಲ್ಲಿಸಿ, ಏಕೆಂದರೆ ಕ್ಯಾರಮೆಲ್ ಓವನ್ನಿನಲ್ಲಿ ಮತ್ತೆ ಕುದಿದು ಏರುತ್ತದೆ. ಅಚ್ಚುಗಳನ್ನು ಟ್ರೇ ಮೇಲಿಟ್ಟೇ 170 ಡಿಗ್ರಿಯಲ್ಲಿ ಸುಮಾರು 15 ನಿಮಿಷ, ಅಂಚಿನ ಸುತ್ತ ಗುಳ್ಳೆ ಕಾಣುವವರೆಗೆ ಬೇಯಿಸಿ. ಟ್ರೇ ಇಲ್ಲದೆ ತಳಕ್ಕೆ ಕೈ ಕೊಟ್ಟು ಎತ್ತಿದರೆ ಬಿಲ್ಲೆ ಮೇಲೆದ್ದು ಟಾರ್ಟ್ ಮುರಿಯುತ್ತದೆ. ಈ ಅಚ್ಚಿನ ಅತಿ ಸಾಮಾನ್ಯ ಅನಾಹುತ ಇದೇ.

ಬಿಡಿಸುವುದು ಹೊರತೆಗೆದ 15-20 ನಿಮಿಷಕ್ಕೆ. ಅದಕ್ಕೂ ಮೊದಲು ಕಣಕ ಮೆತ್ತಗಿರುತ್ತದೆ. ಪೂರ್ತಿ ಆರಲು ಬಿಟ್ಟರೆ ಸೋರಿದ ಪಾಕ ಬಳೆಯನ್ನೂ ಬಿಲ್ಲೆಯನ್ನೂ ಬೆಸೆದುಬಿಡುತ್ತದೆ. ಹಾಗೆ ಅಂಟಿಕೊಂಡರೆ ಬಲಪ್ರಯೋಗ ಬೇಡ, 150 ಡಿಗ್ರಿಯ ಓವನ್ನಿಗೆ ಎರಡು ಮೂರು ನಿಮಿಷ ಮತ್ತೆ ತಳ್ಳಿದರೆ ಸಡಿಲವಾಗುತ್ತದೆ.

ಲೋಹದ ವಿಚಾರ: ಅಲ್ಯೂಮಿನಿಯಂ ಬಿಸಿಯನ್ನು ಬೇಗ, ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ತವರ ಲೇಪಿಸಿದ ಉಕ್ಕೂ ಒಳ್ಳೆಯದೇ, ಆದರೆ ಒದ್ದೆಯಾಗಿಟ್ಟರೆ ನೆರಿಗೆಗಳಲ್ಲಿ ತುಕ್ಕು ಹಿಡಿಯುತ್ತದೆ. ತೊಳೆದ ಕೂಡಲೇ ಒರೆಸಿ ಬೆಚ್ಚಗಿನ ಓವನ್ನಿನಲ್ಲಿ ಒಣಗಿಸಿ. ತವರ 232 ಡಿಗ್ರಿಗೆ ಕರಗುವುದರಿಂದ ಇದನ್ನು ವಿಪರೀತ ಬಿಸಿಯ ಓವನ್ನಿಗೆ ಹಾಕುವಂತಿಲ್ಲ, ಟಾರ್ಟ್‌ಗೆ ಅಷ್ಟು ಬಿಸಿ ಬೇಕಾಗುವುದೂ ಇಲ್ಲ. ಕಪ್ಪು ನಾನ್‌ಸ್ಟಿಕ್ ಈಗಾಗಲೇ ಮನೆಯಲ್ಲಿದ್ದರೆ ಉಷ್ಣತೆಯನ್ನು 10ರಿಂದ 15 ಡಿಗ್ರಿ ಇಳಿಸಿ, ಇಲ್ಲವಾದರೆ ಹೂರಣ ಕುದಿಯುವಷ್ಟರಲ್ಲಿ ಅಂಚು ಕಪ್ಪಾಗಿರುತ್ತದೆ.

ಸಿಲಿಕೋನ್ ಅಚ್ಚನ್ನು ಈ ಕೆಲಸಕ್ಕೆ ನಾವು ಶಿಫಾರಸು ಮಾಡುವುದಿಲ್ಲ. ಬಿಸಿ ನಿಧಾನವಾಗಿ ದಾಟುವುದರಿಂದ ತಳ ಬಿಳಿಚಿಕೊಂಡು ಹಸಿಯಾಗಿ ಉಳಿಯುತ್ತದೆ. ಬಳುಕುವ ಗೋಡೆಗೆ ಕಣಕವನ್ನು ಒತ್ತುವುದೂ ಕಷ್ಟ. ಬೇಯಿಸದೆ ಫ್ರಿಜ್‌ನಲ್ಲೇ ಗಟ್ಟಿ ಮಾಡುವ ಸಿಹಿಗೆ ಅದು ಸರಿ.

ತೂತಿನ ಉಂಗುರದ್ದು ಬೇರೆ ಲೆಕ್ಕ. ಓವನ್ನಿಗೆಂದೇ ಇರುವ ಸಣ್ಣ ತೂತುಗಳ ಚಾಪೆಯ ಮೇಲಿಟ್ಟರೆ ಆವಿ ಹೊರಹೋಗಿ ಕಣಕ ಕಾಳಿನ ಭಾರವಿಲ್ಲದೆಯೂ ಉಬ್ಬುವುದಿಲ್ಲ, ಬಣ್ಣವೂ ಎಲ್ಲ ಕಡೆ ಒಂದೇ ಸಮ ಬರುತ್ತದೆ. ಗರಿಗರಿತನದಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ತಳಕ್ಕೊಂದು ಬಿಲ್ಲೆ, ಸುತ್ತಲಿಗೊಂದು ಪಟ್ಟಿ ಎಂದು ಬೇರೆಬೇರೆ ಕತ್ತರಿಸಿ ಜೋಡಿಸಬೇಕು, ಸೇರಿಕೆ ಕೂದಲೆಳೆಯಷ್ಟು ಬಿಟ್ಟರೂ ಕ್ಯಾರಮೆಲ್ ಚಾಪೆಯ ತೂತುಗಳಿಗೆ ಇಳಿಯುತ್ತದೆ. ಕೈ ಪಳಗಿದವರಿಗೆ ಇದು ನಮ್ಮ ಎರಡನೇ ಆಯ್ಕೆ.

ತಳ ಬಿಚ್ಚದ ಅಚ್ಚುಗಳು ಮನೆಯಲ್ಲಿದ್ದರೆ ಎಸೆಯಬೇಡಿ. 2 ಸೆಂ.ಮೀ. ಅಗಲದ ಎರಡು ಬೇಕಿಂಗ್ ಪೇಪರ್ ಪಟ್ಟಿಗಳನ್ನು ಅಡ್ಡಡ್ಡ ಹಾಸಿ, ತುದಿಗಳು ಹೊರಗೆ ಉಳಿಯುವಂತೆ ಬಿಟ್ಟು ಮೇಲೆ ಕಣಕ ಕೂರಿಸಿದರೆ ಟಾರ್ಟನ್ನು ಹಿಡಿದೆತ್ತಬಹುದು. ನೆರಿಗೆ ಅಷ್ಟು ಚೊಕ್ಕವಾಗಿ ಮೂಡುವುದಿಲ್ಲ, ಅಷ್ಟೇ. ಫಾಯಿಲ್ ಬಟ್ಟಲು ಹಂಚಿ ಕೊಡಲು ಅನುಕೂಲ. ತೆಳುವಾದ್ದರಿಂದ ಅದನ್ನು ಮೊದಲೇ ಕಾಯಿಸಿದ ದಪ್ಪ ಟ್ರೇ ಮೇಲಿಡಿ, ತಳ ಬೇಯುವುದು ಆ ಟ್ರೇಯ ಬಿಸಿಯಿಂದಲೇ. ಬೆಂದ ಟಾರ್ಟ್‌ಗಳು ಗಾಳಿಯಾಡದ ಡಬ್ಬಿಯಲ್ಲಿ ಮೂರು ದಿನ ಹೊರಗೇ ಚೆನ್ನಾಗಿರುತ್ತವೆ. ಫ್ರಿಜ್‌ಗೆ ಹಾಕಿದರೆ ಕ್ಯಾರಮೆಲ್ ಬಿಗಿದು ಕಣಕ ಮೆತ್ತಗಾಗುತ್ತದೆ.