ಹಾಡೋ ಪೈಗೆ ಯಾವ ಡಬ್ಬಿ? ನಾಲ್ಕು ಕೇಸ್ ಹಾಕಿ ನೋಡಿದ್ಮೇಲೆ

ನಮ್ಮಪ್ಪಂಗೆ ಬೆಳಗ್ಗೆ ಐದೂವರೆಗೆ ಎದ್ದ ತಕ್ಷಣ ಸಂಗೀತ ಕಛೇರಿ ಕೇಳ್ಬೇಕು. ಅವರ ಹಳೇ ಕ್ಯಾಸೆಟ್‌ಗಳನ್ನೆಲ್ಲ ಫ್ಲಾಕ್ (ಗುಣಮಟ್ಟ ಕಳ್ಕೊಳ್ಳದ ಆಡಿಯೋ) ಫೈಲ್ ಮಾಡಿ ನನ್ನ ರೂಮಿನ ಕಂಪ್ಯೂಟರ್‌ಗೆ ತುಂಬಿಸಿ, ಹಾಲ್‌ನಲ್ಲಿ ಅವನ್ನ ವೈಫೈಯಲ್ಲಿ ಎಳ್ಕೊಂಡು ಹಾಡೋಕೆ ಒಂದು ರಾಸ್ಪ್‌ಬೆರಿ ಪೈ 4 (ಅಂಗೈಯಗಲದ ಪುಟ್ಟ ಕಂಪ್ಯೂಟರ್ ಬೋರ್ಡ್) ಮೇಲೆ ಡ್ಯಾಕ್ ಹ್ಯಾಟ್, ಅಂದ್ರೆ ಡಿಜಿಟಲ್ ಹಾಡನ್ನ ಆಂಪ್ಲಿಫೈಯರ್‌ಗೆ ಬೇಕಾದ ಸಿಗ್ನಲ್ ಮಾಡೋ ಇನ್ನೊಂದು ಚಿಕ್ಕ ಬೋರ್ಡ್ ಕೂರಿಸಿ, ವಾಲ್ಯೂಮಿಯೋ ಅನ್ನೋ ಮ್ಯೂಸಿಕ್ ಸಾಫ್ಟ್‌ವೇರ್ ಹಾಕಿ ಹಳೇ ಆಂಪ್ಲಿಫೈಯರ್‌ಗೆ ಜೋಡಿಸಿಕೊಟ್ಟೆ. ಸೌಂಡ್ ಮೊದಲ್ನೇ ದಿನಾನೇ ಚೆನ್ನಾಗಿ ಬಂತು, ಕೇಸ್ ಸರಿಹೋಗೋಕೆ ಮಾತ್ರ ಆರು ತಿಂಗಳು ಹಿಡೀತು.

ಮೊದ್ಲು ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸಿಕ್ಕಿದ ಮಾಮೂಲಿ ಪ್ಲಾಸ್ಟಿಕ್ ಕೇಸ್. ಬರೀ ಬೋರ್ಡ್‌ಗೆ ಅದು ಸಾಕು, ಆದ್ರೆ ಹ್ಯಾಟ್ ಕೂರಿಸಿದ್ರೆ ಮುಚ್ಚಳ ಕೂರಲ್ಲ, ಆಂಪ್ಲಿಫೈಯರ್‌ಗೆ ವೈರ್ ಹೋಗೋ ಆರ್‌ಸಿಎ ಸಾಕೆಟ್‌ಗಳು ಎಚ್‌ಡಿಎಂಐ ಪೋರ್ಟ್‌ಗಳ ಮೇಲ್ಗಡೆ ಬರೋದ್ರಿಂದ ಅಲ್ಲಿ ಗೋಡೆ ಅಡ್ಡ. ಹ್ಯಾಕ್ಸಾ ಬ್ಲೇಡಲ್ಲಿ ಕೊಯ್ದು ನೋಡ್ದೆ, ಅಂಚು ಒಡೀತು. ಹ್ಯಾಟ್ ಬದಲು ಹೊರಗಡೆ ಜೋಡಿಸೋ ಯುಎಸ್‌ಬಿ ಡ್ಯಾಕ್ ಇಟ್ಕೊಂಡಿರೋರು ಮಾತ್ರ ಇದನ್ನ ತಗೊಳ್ಳಿ.

ಆಮೇಲೆ ಅಲ್ಯೂಮಿನಿಯಂ. ಇಡೀ ಕೇಸೇ ಬಿಸಿ ಎಳ್ಕೊಳ್ಳೋ ಹೀಟ್‌ಸಿಂಕ್, ಥರ್ಮಲ್ ಪ್ಯಾಡ್ ಮೂಲಕ ಪ್ರೊಸೆಸರ್‌ಗೆ ನೇರ ಅಂಟ್ಕೊಳ್ಳುತ್ತೆ. ಕೈಯಲ್ಲಿ ಹಿಡಿದ್ರೇನೇ ಖುಷಿಯಾಗೋ ಥರದ ಕೆಲಸ, ನಿಜವಾಗ್ಲೂ. ಏಪ್ರಿಲ್ ಮಧ್ಯಾಹ್ನ ನಮ್ಮನೆ ಹಾಲಲ್ಲಿ ಅದು 47 ಡಿಗ್ರಿ ದಾಟಲಿಲ್ಲ, ಪ್ಲಾಸ್ಟಿಕ್ಕಲ್ಲಿ ಬರೀ ಬೋರ್ಡ್ ಇಟ್ಟಾಗ್ಲೇ 66 ಇತ್ತು. ಹ್ಯಾಟ್ ಹಾಕೋಕೆ ಉದ್ದ ಕಾಲಿನ 40 ಪಿನ್ ಹೆಡರ್ ಬೇಕಾಯ್ತು, ಹಾಕಿದ್ಮೇಲೂ ಹ್ಯಾಟ್ ಕೇಸ್ ಮೇಲೆ ಬತ್ತಲೆ ನಿಂತಿರುತ್ತೆ. ಅದನ್ನಾದ್ರೂ ಸಹಿಸ್ಕೋಬಹುದಿತ್ತು, ವೈಫೈದೇ ದೊಡ್ಡ ತೊಂದ್ರೆ ಆಯ್ತು. ಪೈದು ಆಂಟೆನಾ ಬೋರ್ಡ್ ಮೇಲೇನೇ ಇರೋದು, ಸುತ್ತ ಲೋಹ ಮುಚ್ಚಿದ್ರೆ ಸಿಗ್ನಲ್ ಇಳೀದೆ ಇನ್ನೇನಾಗುತ್ತೆ? ಎರಡು ಗೋಡೆ ಆಚೆ ರೂಟರ್, ಸಿಗ್ನಲ್ ಮೊದ್ಲು -54 ಡಿಬಿಎಂ ಇದ್ದಿದ್ದು -71ಕ್ಕೆ ಹೋಯ್ತು (ಸೊನ್ನೆಯಿಂದ ದೂರ ಹೋದಷ್ಟೂ ಸಿಗ್ನಲ್ ಕಮ್ಮಿ), ವೈಫೈನ 5 ಗಿಗಾಹರ್ಟ್ಸ್ ಬ್ಯಾಂಡಲ್ಲಂತೂ ತನಿ ಆವರ್ತನದ (ಬರೀ ತಾಳವಾದ್ಯ ನುಡಿಸೋ ಭಾಗ) ನಡುವೆ ಮೃದಂಗ ನಿಂತೇ ಹೋಗೋದು, ಅಪ್ಪ "ಏನೋ ಇದು, ಮುಕ್ತಾಯಕ್ಕೇ ಬಿಡ್ತಿಲ್ವಲ್ಲೋ" ಅಂತ ಒಳಗಿಂದ ಕೂಗೋರು. 2.4ಕ್ಕೆ ಬದಲಾಯಿಸಿದ್ಮೇಲೆ ಸುಮಾರಾಯ್ತು, ಪೂರ್ತಿ ಹೋಗ್ಲಿಲ್ಲ. ನಿಮ್ಮ ಹಾಲಲ್ಲಿ ನೆಟ್‌ವರ್ಕ್ ಕೇಬಲ್ ಇದ್ರೆ ಈ ಮಾತೆಲ್ಲ ಬಿಡಿ, ಕಣ್ಮುಚ್ಕೊಂಡು ಅಲ್ಯೂಮಿನಿಯಂ ತಗೊಳ್ಳಿ.

ಮೂರನೇದು ಲೇಸರ್ ಕಟ್ ಅಕ್ರಿಲಿಕ್, ಪದರ ಪದರ ಜೋಡಿಸೋದು. ಹ್ಯಾಟ್‌ಗೆ ಜಾಗ ಇತ್ತು, ಸಾಕೆಟ್‌ಗೆ ಕಿಂಡಿ ಇತ್ತು, ವೈಫೈಗೆ ಏನೂ ಅಡ್ಡಿ ಇಲ್ಲ. ಜೊತೆಗೆ ಬಂದ ಪುಟ್ಟ ಫ್ಯಾನ್ ಇದೆಯಲ್ಲ, ಹಗಲಲ್ಲಿ ಕೇಳ್ಸಲ್ಲ, ಬೆಳಗಿನ ಜಾವ ರಸ್ತೆ ಮಲಗಿರೋ ಹೊತ್ತಲ್ಲಿ ಬರೀ ತಂಬೂರಿ ಮೀಟ್ತಾ ಇರೋವಾಗ ಅದರ ಜೊತೆ ಇನ್ನೊಂದು ಸಣ್ಣ ಶ್ರುತಿ ಕೇಳ್ಸುತ್ತೆ. 5 ವೋಲ್ಟ್ ಪಿನ್‌ನಿಂದ 3.3ಕ್ಕೆ ಬದಲಾಯಿಸ್ದೆ, ಕಡಿಮೆ ಆಯ್ತು ಅಷ್ಟೇ, ಕೊನೆಗೆ ಕಿತ್ತೇ ಹಾಕ್ದೆ. ಆಗ್ಲೂ 58 ಡಿಗ್ರಿ. ಪೈ ತನ್ನ ವೇಗ ಇಳಿಸ್ಕೊಳ್ಳೋದು 80ರ ಹತ್ರ ಹೋದ್ರೆ, ಹಾಡು ಹಾಡ್ಸೋಕೆ ಅದಕ್ಕೆ ಅಂಥ ದೊಡ್ಡ ಕೆಲಸವೇ ಇಲ್ಲ. ಕೇಸ್ ಬಗ್ಗೆ ಯಾರನ್ನ ಕೇಳಿದ್ರೂ ಮೊದ್ಲು ಬಿಸಿ ಬಗ್ಗೆನೇ ಹೇಳ್ತಾರೆ, ಮ್ಯೂಸಿಕ್‌ಗೆ ಅಂತ ಇಟ್ಕೊಳ್ಳೋರು ಅದನ್ನ ಕೊನೇಗೆ ನೋಡಿದ್ರೆ ಸಾಕು, ಮೊದ್ಲು ಸದ್ದು, ಸಾಕೆಟ್, ಸಿಗ್ನಲ್. ಅಕ್ರಿಲಿಕ್ ಬೇಡ ಅನ್ಸಿದ್ದು ಧೂಳಿಗೆ. ನಮ್ಮನೆ ಮುಂದೆ ರಸ್ತೆ ಅಗೆದು ತಿಂಗಳುಗಟ್ಟಲೆ ಆಗಿತ್ತು, ಬದಿ ಎಲ್ಲಾ ತೆರೆದಿರೋ ಕೇಸ್ ಒಳಗೆ ಕೆಂಪು ಪುಡಿ ಕೂತಿರೋದು. ಒಂದ್ಸಲ ಬಿಚ್ಚಿ ಒರೆಸಿ ಸ್ಕ್ರೂ ಬಿಗಿ ಮಾಡೋವಾಗ ಮೂಲೆ ಬಿರುಕೂ ಬಿಡ್ತು.

ಕೊನೆಗೆ ಮರದ್ದು ಮಾಡಿಸ್ದೆ. ಮೈಸೂರು ರಸ್ತೆ ಟಿಂಬರ್ ಯಾರ್ಡ್ ಲೇಔಟ್‌ನಲ್ಲಿ ಹಲಸಿನ ಮರದ ತುಂಡು ಸಿಕ್ತು, ವೀಣೆ ಮಾಡೋದೂ ಹಲಸಲ್ಲೇ ಅಲ್ವಾ, ಅಪ್ಪಂಗೆ ಇಷ್ಟ ಆಗುತ್ತೆ ಅನ್ಕೊಂಡೆ. ನಮ್ಮ ಬೀದಿ ಬಡಗಿ ಅಣ್ಣ ಅಳತೆ ತಗೊಂಡು "ಗಾಳಿ ಆಡೋಕೆ ತೂತು ಎಲ್ಲಿ ಬೇಕು ಸಾರ್?" ಅಂತ ಅವರೇ ಕೇಳಿದ್ರು. ಮರ ಶಾಖ ಬಿಡಲ್ಲ, ಹಾಗಾಗಿ ತಳದಲ್ಲಿ ಒಂದು ಸಾಲು, ಹಿಂಬದಿ ಮೇಲಂಚಲ್ಲಿ ಇನ್ನೊಂದು ಸಾಲು ತೂತು, ಕೆಳಗೆ ನಾಲ್ಕು ರಬ್ಬರ್ ಕಾಲು. 61 ಡಿಗ್ರಿ, ಸಿಗ್ನಲ್ -55, ಸದ್ದು ಸೊನ್ನೆ. ದುಡ್ಡು ಅಲ್ಯೂಮಿನಿಯಂಗಿಂತ ಜಾಸ್ತಿನೇ ಆಯ್ತು, ಎಸ್‌ಡಿ ಕಾರ್ಡ್ ತೆಗೀಬೇಕಂದ್ರೆ ನಾಲ್ಕು ಸ್ಕ್ರೂ ಬಿಚ್ಬೇಕು, ಅದಕ್ಕೊಂದು ಕಿಂಡಿ ಇನ್ನೂ ಮಾಡಿಸ್ಬೇಕು.

ಮೇಲ್ಗಡೆ ಮಾತ್ರ ತೂತು ಬೇಡ ಅಂತ ಮೊದ್ಲೇ ಹೇಳಿದ್ದೆ. ಕಛೇರಿ ಶುರುವಾದ್ಮೇಲೆ ಅಪ್ಪ ಕನ್ನಡಕ ತೆಗೆದು ಅಲ್ಲೇ ಇಡೋದು.