ನಾಲ್ಕು ಕೋಲು, ಒಂದು ಸಕುರಾ

ಟೋಕಿಯೊಗೆ ಬಂದ ಮೇಲೆ ಇದು ನನ್ನ ಮೂರನೇ ಏಪ್ರಿಲ್. "ನೀವು ಮೃದಂಗ ನುಡಿಸ್ತೀರಲ್ವಾ, ಬನ್ನಿ" ಎಂದು ಆಫೀಸಿನ ಗೆಳತಿಯೊಬ್ಬಳು ಒಂದು ಪುಟ್ಟ ಹಾಲ್‌ಗೆ ಮರಿಂಬಾ (ಮರದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ವಾದ್ಯ) ಕೇಳಿಸಲು ಕರೆದುಕೊಂಡು ಹೋದಳು. ಟಿಕೆಟ್ 3,000 ಯೆನ್. ಕೊನೆಯಲ್ಲಿ ನುಡಿಸಿದ್ದು ಕೇಕೊ ಅಬೆ ರಚಿಸಿದ 'ಡ್ರೀಮ್ ಆಫ್ ದ ಚೆರ್ರಿ ಬ್ಲಾಸಮ್ಸ್'. ವೇದಿಕೆಯ ಮೇಲೆ ಒಬ್ಬರೇ ವಾದಕಿ, ಕೈಗೆ ಎರಡರಂತೆ ನಾಲ್ಕು ಕೋಲು. ಅಷ್ಟೇ.

ಹೂವಿನ ಹೆಸರು ನೋಡಿ ಸಿಹಿಸಿಹಿ ಸಂಗೀತ ಇರುತ್ತದೆ ಅಂದುಕೊಂಡಿದ್ದೆ. ಹಾಗಿಲ್ಲ. ಒಂದೇ ಸ್ವರ ಮತ್ತೆ ಮತ್ತೆ ಬಡಿಯುತ್ತದೆ, ತಂಬೂರಿಯ ಷಡ್ಜದ ('ಸ' ಸ್ವರದ) ಹಾಗೆ ಮನಸ್ಸಿನಲ್ಲಿ ಕೂತುಬಿಡುತ್ತದೆ. ಅದರ ಸುತ್ತ 'ಸಕುರಾ ಸಕುರಾ' (ಸಕುರಾ ಎಂದರೆ ಚೆರ್ರಿ ಹೂವು) ಎಂಬ ಹಳೆಯ ಹಾಡಿನ ಚೂರುಗಳು ಬಂದು ಹೋಗುತ್ತವೆ. ಇಲ್ಲಿನ ಮಕ್ಕಳಿಗೂ ಗೊತ್ತಿರುವ ಹಾಡು ಅದು. ನನ್ನ ಕಿವಿಗೆ ಮಾತ್ರ ಅದು ಕರ್ನಾಟಕ ಶುದ್ಧ ಸಾವೇರಿ ರಾಗ! ಹಾಡು ಬಂದು ನಿಲ್ಲುವ ಸ್ವರವನ್ನೇ ಷಡ್ಜ ಮಾಡಿಕೊಂಡರೆ ಸಿಗುವುದು ಸ ರಿ ಮ ಪ ದ, ಶುರುವಾಗುವುದು 'ಮ ಮ ಪಾ, ಮ ಮ ಪಾ' ಎಂದು. ಪಕ್ಕದಲ್ಲಿದ್ದ ಗೆಳತಿಗೆ ಇದನ್ನು ಹೇಳಲು ಹೋಗಿ ಮುಂದಿನ ಸಾಲಿನವರಿಂದ ಒಂದು ನೋಟ ತಿಂದೆ.

ಇಲ್ಲಿ ಸಕುರಾ ಎಂದರೆ ಅರಳುವುದಕ್ಕಿಂತ ಉದುರುವುದೇ ಮುಖ್ಯ. ಪೂರ್ತಿ ಅರಳಿ ಒಂದು ವಾರವಾದರೆ ಜಾಸ್ತಿ. ದಳಗಳು ಗಾಳಿಗೆ ಒಟ್ಟಿಗೆ ಹಾರುವುದಕ್ಕೆ 'ಸಕುರಾ ಫುಬುಕಿ' ಎನ್ನುತ್ತಾರೆ, ಹೂವಿನ ಹಿಮಗಾಳಿ. ಮರಿಂಬಾಗೆ ಈ ವಿಷಯ ಒಪ್ಪುತ್ತದೆ. ಪಿಟೀಲಿನ ಹಾಗೆ ಮರದ ಪಟ್ಟಿಯ ನಾದವನ್ನು ಎಳೆದು ಹಿಡಿಯಲು ಆಗುವುದಿಲ್ಲ. ಮೇಲಿನ ಸ್ವರವಂತೂ ಹೊಡೆದ ಕೂಡಲೇ ಸಾಯುತ್ತದೆ. ಉಳಿಸಬೇಕೆಂದರೆ ಕೋಲುಗಳನ್ನು ಬಿಡದೆ ಆಡಿಸುತ್ತಲೇ ಇರಬೇಕು. ಆಕೆ ಹಾಗೆ ನಡುಗಿಸುತ್ತಿದ್ದವರು ಥಟ್ಟನೆ ಕೈ ಎತ್ತಿದಾಗ ನನಗೆ ಮೈ ಜುಮ್ಮೆಂದಿತು.

ಕೆಳಗಿನ ಸ್ಥಾಯಿಯ ಗುಂಗು ಬೇರೆಯೇ. ಮೃದಂಗದ ಎಡಗಡೆಯ ಗುಮ್ಕಿ, ಅಂದರೆ ಆ ಗುಂಯ್ ಎನ್ನುವ ದಪ್ಪ ನಾದ, ನೆನಪಾಯಿತು. 1937ರಲ್ಲಿ ಹುಟ್ಟಿದ ಅಬೆ ಸ್ವತಃ ದೊಡ್ಡ ವಾದಕಿ. ಯಮಹಾ ಕಂಪನಿಯ ಜೊತೆ ಸೇರಿ ಐದು ಸ್ಥಾಯಿಯ ಮರಿಂಬಾ ರೂಪಿಸಿದವರು. ಆ ಕೆಳಸ್ವರಗಳ ಮೇಲೆ ಅವರಿಗಿದ್ದ ಆಸೆ ಕೇಳಿದರೇ ಗೊತ್ತಾಗುತ್ತದೆ.

ದೂರು ಒಂದೇ. ಹಾಲ್‌ನ ಎಸಿ ಗೊರಗೊರ ಎನ್ನುತ್ತಿತ್ತು. ಇಷ್ಟು ಮೆಲ್ಲಗೆ ಮುಗಿಯುವ ಸ್ವರಗಳಿಗೆ ಅದು ಅನ್ಯಾಯ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಕಳೆದ ಅರ್ಧ ಎಸಿ ಲೆಕ್ಕಕ್ಕೆ.

ಮನೆಯಲ್ಲಿ ಕೇಳುವವರು ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ. ಮರುದಿನ ರೈಲು ಕಾಯುತ್ತಾ ಫೋನ್ ಸ್ಪೀಕರ್‌ನಲ್ಲಿ ಹಚ್ಚಿದರೆ ಕೆಳಸ್ಥಾಯಿ ಪೂರ್ತಿ ಮಾಯ. ಸುಮ್ನೆ ಯಾರೋ ಟೇಬಲ್ ಕುಟ್ಟಿದ ಹಾಗೆ ಕೇಳಿಸಿತು.