ನೀರಾವಿ ಅಳೆಯಲು ರಾಮನ್ ಲೈಡಾರೋ, ಡಯಲ್ಲೋ?

ನೆಲದಿಂದ ಲೇಸರ್ ಬಿಟ್ಟು ಗಾಳಿಯ ನೀರಾವಿ ಅಳೆಯಲು ಮುಖ್ಯವಾಗಿ ಎರಡು ದಾರಿ: ಅಣುಗಳು ಬೇರೆ ತರಂಗಾಂತರದಲ್ಲಿ ಮರಳಿಸುವ ಬೆಳಕನ್ನು ನೋಡುವ ರಾಮನ್ ಲೈಡಾರ್, ಮತ್ತು ಎರಡು ತರಂಗಾಂತರಗಳ ಹೀರಿಕೆಯ ವ್ಯತ್ಯಾಸ ನೋಡುವ ಡಯಲ್ (DIAL). ಎರಡನ್ನೂ ನಡೆಸಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಇಷ್ಟು: ರಾತ್ರಿಯ ಎತ್ತರದ ಅಳತೆಗೆ ರಾಮನ್, ಹಗಲೂ ರಾತ್ರಿ ಯಾರೂ ಕಾಯದೆ ಓಡಬೇಕಿದ್ದರೆ ಡಯಲ್.

ರಾಮನ್‌ನಲ್ಲಿ 355 ನ್ಯಾನೊಮೀಟರ್ ಬೆಳಕು ಮೇಲೆ ಹೋಗುತ್ತದೆ. ಅದರ ಒಂದಿಷ್ಟು ಭಾಗ ಸಾರಜನಕದಿಂದ 387ರಲ್ಲಿ, ನೀರಾವಿಯಿಂದ 407.5ರಲ್ಲಿ ಮರಳುತ್ತದೆ. ಇವೆರಡರ ಅನುಪಾತವನ್ನು ಒಂದು ಸ್ಥಿರಾಂಕದಿಂದ ಗುಣಿಸಿದರೆ ಕಿಲೋ ಒಣಗಾಳಿಗೆ ಎಷ್ಟು ಗ್ರಾಂ ಎಂಬ ಲೆಕ್ಕ ಸಿಗುತ್ತದೆ. 387ರ ಬೆಳಕು ದಾರಿಯಲ್ಲಿ ಹೆಚ್ಚು ಚದುರುವುದರಿಂದ 5 ಕಿಲೋಮೀಟರ್ ಎತ್ತರಕ್ಕೆ ಸುಮಾರು 4% ತಿದ್ದುಪಡಿ ಬೇಕು. ಇದನ್ನು ಮರೆಯುವವರು ಬಹಳ.

ನಿಜವಾದ ತಲೆನೋವು ಆ ಸ್ಥಿರಾಂಕ. ಬಲೂನಿಗೆ ಕಟ್ಟಿ ಮೇಲಕ್ಕೆ ಬಿಡುವ ಅಳತೆಯ ಉಪಕರಣ ರೇಡಿಯೋಸಾಂಡ್ ಜೊತೆ ಹೋಲಿಸಿ ಸಾಮಾನ್ಯವಾಗಿ ಅದನ್ನು ಪಡೆಯುತ್ತಾರೆ. ಮೋಡವಿಲ್ಲದ ರಾತ್ರಿ, 1ರಿಂದ 3 ಕಿಲೋಮೀಟರ್ ಪಟ್ಟಿಯಷ್ಟೇ ಸಾಕು. ಅದಕ್ಕಿಂತ ಮೇಲೆ ಬಲೂನು ಗಾಳಿಗೆ ಸರಿದು ಬೇರೆಯದೇ ಗಾಳಿಯನ್ನು ಅಳೆಯುತ್ತಿರುತ್ತದೆ. ಹಲವು ಬಲೂನುಗಳ ಮಧ್ಯಾಂಕ ಇಟ್ಟುಕೊಳ್ಳಿ. ಫಿಲ್ಟರ್ ಅಲುಗಿದರೂ, ಬೆಳಕು ಹಿಡಿಯುವ ಫೋಟೊಮಲ್ಟಿಪ್ಲೈಯರ್‌ನ ವೋಲ್ಟೇಜ್ ಬದಲಿಸಿದರೂ ಹಳೆಯ ಸ್ಥಿರಾಂಕ ಕೆಲಸಕ್ಕೆ ಬಾರದು. ಕಾಡ್ಗಿಚ್ಚಿನ ಹೊಗೆ ಬಂದರೆ ಅದರ ಪ್ರತಿದೀಪ್ತಿ (ಲೇಸರ್ ಬಿದ್ದಾಗ ಹೊಗೆಯೇ ಸೂಸುವ ಬೆಳಕು) 407ರ ಚಾನೆಲ್‌ಗೆ ನುಗ್ಗಿ ಇಲ್ಲದ ತೇವವನ್ನು ತೋರಿಸುತ್ತದೆ. ಹಗಲಲ್ಲಿ ಆಕಾಶದ ಬೆಳಕೇ ಸಿಗ್ನಲನ್ನು ನುಂಗುತ್ತದೆ, 0.3 ನ್ಯಾನೊಮೀಟರ್ ಫಿಲ್ಟರ್, ದೂರದರ್ಶಕಕ್ಕೆ ಕಿರಿದಾದ ನೋಟದ ಕೋನ ಇಲ್ಲದಿದ್ದರೆ ಏನೂ ಕಾಣದು. ಫ್ಲ್ಯಾಶ್‌ಲ್ಯಾಂಪ್ ಲೇಸರ್ ಆದರೆ ಖರ್ಚೂ ಇದೆ: 3 ಕೋಟಿ ಪಲ್ಸ್ ಬಾಳುವ ದೀಪ 30 ಹರ್ಟ್ಸ್‌ನಲ್ಲಿ ಹನ್ನೆರಡು ದಿನಕ್ಕೆ ಮುಗಿಯುತ್ತದೆ. ಅಮೆರಿಕದ ಒಕ್ಲಹೋಮಾದ ಲಾಮಾಂಟ್, ಸ್ವಿಟ್ಜರ್ಲೆಂಡಿನ ಪಯೆರ್ನ್‌ನಲ್ಲಿ ರಾಮನ್ ವರ್ಷಗಟ್ಟಲೆ ಓಡಿದೆ ನಿಜ, ಆದರೆ ಹಿಂದೆ ನುರಿತ ತಂಡವಿದೆ.

ಡಯಲ್ ಬೇರೆ ಜಾತಿ. ಮೊಂಟಾನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಅಮೆರಿಕದ ವಾಯುಮಂಡಲ ಸಂಶೋಧನಾ ಕೇಂದ್ರ ಎನ್‌ಸಿಎಆರ್ ಬೆಳೆಸಿದ ಮೈಕ್ರೋಪಲ್ಸ್ ಡಯಲ್ 828 ನ್ಯಾನೊಮೀಟರ್ ಆಸುಪಾಸು ಎರಡು ತರಂಗಾಂತರ ಬಳಸುತ್ತದೆ: ಒಂದನ್ನು ನೀರಾವಿ ಹೀರುತ್ತದೆ, ಸುಮಾರು 0.1 ನ್ಯಾನೊಮೀಟರ್ ಆಚೆ ಇರುವ ಇನ್ನೊಂದನ್ನು ಹೆಚ್ಚುಕಡಿಮೆ ಬಿಟ್ಟುಬಿಡುತ್ತದೆ. ಎರಡರ ಅನುಪಾತ ಎತ್ತರದೊಂದಿಗೆ ಬದಲಾಗುವ ವೇಗವೇ ಉತ್ತರ. ಬಲೂನಿನ ಹಂಗಿಲ್ಲ. ಪಲ್ಸ್‌ಗೆ ಕೆಲವೇ ಮೈಕ್ರೋಜೂಲ್ ಶಕ್ತಿಯಾದ್ದರಿಂದ ಕಣ್ಣಿಗೂ ಭಯವಿಲ್ಲ. ಹಗಲಲ್ಲಿ ಸುಮಾರು 4 ಕಿಲೋಮೀಟರ್ ತನಕ, 150 ಮೀಟರ್ ಪದರಗಳಲ್ಲಿ, ಕೆಲವೇ ನಿಮಿಷಗಳ ಸರಾಸರಿಗೆ ಅಳತೆ ಬರುತ್ತದೆ. ಅದರಾಚೆಯ ಒಣಗಾಳಿಯಲ್ಲಿ ಹೀರಿಕೆ ಕಡಿಮೆಯಾಗಿ ಗದ್ದಲವೇ ಉಳಿಯುತ್ತದೆ.

ಕೈಕೊಡುವುದು ಲೇಸರಿನ ಬಣ್ಣ. ನೆಲಮಟ್ಟದಲ್ಲಿ ಹೀರಿಕೆಯ ಗೆರೆಯ ಅರ್ಧ ಅಗಲ ಸುಮಾರು 0.007 ನ್ಯಾನೊಮೀಟರ್ ಮಾತ್ರ. ಲೇಸರ್ ಗೆರೆಯ ನಡುವಿನಿಂದ ಜಾರಿದರೂ, ಅದರೊಳಗೆ ಬೇರೆ ಬಣ್ಣದ ಬೆಳಕು ಬೆರೆತರೂ ಗಾಳಿ ಇರುವುದಕ್ಕಿಂತ ಒಣಗಿದಂತೆ ಕಾಣುತ್ತದೆ. ಮೋಡದ ಅಂಚಿನಲ್ಲಿಯೂ ಅಂಕಿ ನಂಬಬೇಡಿ. ಅನುಮಾನ ಬಂದಾಗ ಎರಡೂ ಲೇಸರನ್ನು ಹೀರದ ತರಂಗಾಂತರಕ್ಕೇ ಹಾಕಿ ಒಂದು ತಾಸು ಓಡಿಸಿ. ಉತ್ತರ ಎಲ್ಲ ಎತ್ತರದಲ್ಲೂ ಸೊನ್ನೆ ಬರಬೇಕು. ಬರದಿದ್ದರೆ ಎರಡು ಕಿರಣಗಳೂ ಒಂದೇ ದಾರಿಯಲ್ಲಿ ಹೋಗುತ್ತಿವೆಯೇ ಎಂದು ಮೊದಲು ನೋಡಿ.